ತೋಟ ಕಾಯ್ದ ತಾಮ್ರ

ಬಿಳಗಿ ಸೀಮೆಯ ಹಳೆಯ ಮನೆಗಳಲ್ಲಿ ತಾಮ್ರ ಎರಡು ಕಡೆ ಇರುತ್ತಿತ್ತು. ಬಚ್ಚಲ ಒಲೆಯ ಮೇಲೆ, ಹೊರಗೆ ಮಸಿ ಹಿಡಿದು ಕಂಠ ಮಾತ್ರ ಹೊಳೆಯುವ ಹಂಡೆಯಾಗಿ ಒಂದು ಕಡೆ. ನೆಲದ ತೇವ ತಾಗದಂತೆ ಎತ್ತಿಟ್ಟ ಚೀಲದಲ್ಲಿ ನೀಲಿ ಹರಳಾಗಿ ಇನ್ನೊಂದು ಕಡೆ. ಹಂಡೆ ಈಗ ಎಷ್ಟೋ ಮನೆಗಳಿಂದ ಗುಜರಿಗೆ ಹೋಗಿದೆ. ನೀಲಿ ಹರಳು, ಅಂದರೆ ಮೈಲುತುತ್ತ, ಇವತ್ತಿಗೂ ಪ್ರತಿ ಮುಂಗಾರಿಗೆ ಮೊದಲು ಮನೆಗೆ ಬರುತ್ತದೆ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಕಣಿವೆಗಳಲ್ಲಿ ಅಡಿಕೆ ತೋಟಗಳು ಇಷ್ಟು ಹಸಿರಾಗಿ ಉಳಿದಿದ್ದರೆ ಅದರಲ್ಲಿ ಈ ಲೋಹದ ಪಾಲು ದೊಡ್ಡದು. ಆದರೆ ಅದು ಇಲ್ಲಿಗೆ ಬಂದ ದಾರಿಯನ್ನು ನೆನೆಯುವವರು ಕಡಿಮೆ.

ಶತ್ರು ಕೊಳೆರೋಗ. ಮಳೆ ಜಡಿ ಹಿಡಿದು ನಾಲ್ಕಾರು ದಿನ ಬಿಸಿಲು ಕಾಣದಿದ್ದರೆ ಎಳೆಯ ಅಡಿಕೆಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಏಳುತ್ತದೆ. ಕಾಯಿ ಹಸಿರು ಕಳೆದುಕೊಂಡು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಸಲು. ಒಂದು ಗೊನೆಗೆ ಹಿಡಿದದ್ದು ಗಾಳಿಮಳೆಯೊಂದಿಗೆ ಪಕ್ಕದ ಮರಕ್ಕೆ, ಅಲ್ಲಿಂದ ಇಡೀ ತೋಟಕ್ಕೆ ಹಬ್ಬುತ್ತದೆ. ವರ್ಷದ ಉತ್ಪನ್ನ ಮರದ ಬುಡದಲ್ಲಿ ಕೊಳೆಯುತ್ತದೆ.

ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಹೊದಿಕೆ ಮಾಡಿ, ಮಳೆ ಶುರುವಾಗುವ ಮುಂಚೆ ಪ್ರತಿ ಗೊನೆಗೂ ತೊಡಿಸುತ್ತಿದ್ದರು. ಕೊನೆಗೌಡ ಮರ ಹತ್ತಿ, ಅಲ್ಲಿಂದಲೇ ಮರದಿಂದ ಮರಕ್ಕೆ ದಾಟುತ್ತ ಕಟ್ಟಬೇಕು. ಸಡಿಲಾದರೆ ಗಾಳಿಗೆ ಹಾರುತ್ತದೆ, ಬಿಗಿಯಾದರೆ ಬೆಳೆಯುವ ಕಾಯಿಗೆ ಜಾಗವಿಲ್ಲ. ಆ ಕೈಚಳಕ ಇವತ್ತು ಹೆಚ್ಚುಕಡಿಮೆ ಇಲ್ಲವಾಗಿದೆ. ಗೊನೆಗೆ ನೀರು ತಾಗದಿದ್ದರೆ ರೋಗವಿಲ್ಲ ಎಂಬ ಅವರ ಲೆಕ್ಕ ಮಾತ್ರ ಪೂರ್ತಿ ಸರಿಯಾಗಿತ್ತು.

ಆ ಲೆಕ್ಕಕ್ಕೆ ತಾಮ್ರ ಸೇರಿದ ಕತೆ ಶುರುವಾಗುವುದು ದೂರದ ಫ್ರಾನ್ಸಿನಲ್ಲಿ, ದ್ರಾಕ್ಷಿ ಕಳ್ಳರಿಂದ. ಬೋರ್ಡೋ ನಗರದ ಹತ್ತಿರದ ಮೆಡಾಕ್ ಸೀಮೆಯಲ್ಲಿ ದಾರಿ ಬದಿಯ ಹಣ್ಣನ್ನು ಹೋಗಿಬರುವವರು ಕಿತ್ತು ತಿನ್ನುತ್ತಿದ್ದರು. ಅದನ್ನು ತಡೆಯಲು ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಅಂಚಿನ ಬಳ್ಳಿಗಳಿಗೆ ಎರಚುತ್ತಿದ್ದರು. ನೀಲಿ ಬಣ್ಣ ಕಂಡರೆ ವಿಷವೆಂದು ಹೆದರಿ ಯಾರೂ ಮುಟ್ಟುವುದಿಲ್ಲ ಎಂಬ ಎಣಿಕೆ. 1882ರ ಶರತ್ಕಾಲದಲ್ಲಿ ಆ ದಾರಿಯಲ್ಲಿ ಹೋದ ಸಸ್ಯಶಾಸ್ತ್ರಜ್ಞ ಪಿಯೆರ್ ಮಿಲಾರ್ಡೆ ಬೇರೊಂದನ್ನು ಗಮನಿಸಿದರು. ಅಮೆರಿಕದಿಂದ ಬಂದ ಬೂಜುರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದರೆ, ನೀಲಿ ಬಳಿದ ಅಂಚಿನ ಬಳ್ಳಿಗಳಲ್ಲಿ ಎಲೆ ಉಳಿದಿತ್ತು. ರಸಾಯನಶಾಸ್ತ್ರಜ್ಞ ಯುಲಿಸ್ ಗೇಯೋನ್ ಜೊತೆಗೂಡಿ ಅವರು ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ತೋಟಿಗರ ಬಾಯಲ್ಲಿ ಓಡಾಡುವ ‘ಬೋರ್ಡೋ’ ಆ ತುತ್ತ ಸುಣ್ಣದ ಮಿಶ್ರಣವೇ.

ಅದನ್ನು ಅಡಿಕೆ ತೋಟಕ್ಕೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದ ಒಂಟಾರಿಯೋದಲ್ಲಿ 1878ರಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದ ಅವರನ್ನು ಮೈಸೂರು ಸಂಸ್ಥಾನ 1908ರಲ್ಲಿ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಕರೆಸಿಕೊಂಡಿತು. ಬಾಲೆಹೊನ್ನೂರಿನ ಕಾಫಿ ಸಂಶೋಧನೆ, ಮಂಡ್ಯದ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ಜೊತೆ ಅವರ ಹೆಸರು ಈಗ ಕೇಳಿಬರುತ್ತದೆ. ಆದರೆ ಇಲ್ಲಿ ಅವರು ಮೊದಲು ಕೈಗೆತ್ತಿಕೊಂಡ ದೊಡ್ಡ ಸಮಸ್ಯೆಗಳಲ್ಲಿ ಒಂದು ಮಲೆನಾಡಿನ ಕೊಳೆರೋಗ.

ಆಗ ಹಳ್ಳಿಗಳಲ್ಲಿ ಇದಕ್ಕೆ ಗ್ರಹಚಾರ, ದೈವದ ಮುನಿಸು, ಮಣ್ಣಿನ ದೋಷ ಎಂದು ನಾನಾ ಕಾರಣ ಹೇಳುವವರಿದ್ದರು. ಕೋಲ್ಮನ್ ರೋಗಾಣುವನ್ನು ಬೇರ್ಪಡಿಸಿ, ಅದು ಫೈಟಾಫ್ತೊರಾ ಕುಲದ್ದೆಂದು 1910ರಲ್ಲಿ ಪ್ರಬಂಧ ಬರೆದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದೇ ಕುಲದ ಇನ್ನೊಂದು ಜೀವಿ. ಕೊಳೆರೋಗದ ಬೀಜಾಣುಗಳಿಗೆ ಬಾಲವಿದೆ. ಕಾಯಿಯ ಮೇಲೆ ನೀರಿನ ತೆಳುವಾದ ಪದರವಿದ್ದರೆ ಅದರಲ್ಲಿ ಈಜಿ ಒಳನುಗ್ಗುತ್ತವೆ. ಆ ನೀರಿನಲ್ಲಿ ತಾಮ್ರದ ಅಯಾನುಗಳಿದ್ದರೆ ಒಳಹೊಗುವ ಮೊದಲೇ ಸಾಯುತ್ತವೆ. ಒಮ್ಮೆ ಒಳಹೊಕ್ಕ ರೋಗವನ್ನು ಬೋರ್ಡೋ ಗುಣಪಡಿಸದು. ಆದ್ದರಿಂದಲೇ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು.

ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಇಲ್ಲಿನ ಆಷಾಢದಲ್ಲಿ ಬರಿಯ ಬೋರ್ಡೋ ತೊಳೆದುಹೋಗುತ್ತದೆ. ಅದಕ್ಕೇ ದ್ರಾವಣಕ್ಕೆ ರಾಳ ಮತ್ತು ಸೋಡಾ ಬೆರೆಸಿ ಗೊನೆಗೆ ಅಂಟಿಕೊಳ್ಳುವಂತೆ ಮಾಡಿದರು. ಪರದೇಶದ ಔಷಧ ನಮ್ಮ ಮಳೆಗೆ ಒಗ್ಗಿದ್ದು ಹೀಗೆ. ಬಿಳಗಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ನೆರೆಯ ಸಾಗರ ಮೈಸೂರು ಸಂಸ್ಥಾನದಲ್ಲಿ. 1956ರವರೆಗೂ ಆಡಳಿತದ ಗಡಿ ಹಾಗೇ ಇತ್ತು. ಕೊಳೆಗೆ ಆ ಗಡಿ ಇರಲಿಲ್ಲ, ತೋಟಿಗರ ನೆಂಟಸ್ತಿಕೆಗೂ ಇರಲಿಲ್ಲ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ ಅಡಿಕೆ ಬೆಳೆಗಾರನನ್ನು ಮಾರುಕಟ್ಟೆಯಲ್ಲಿ ನಿಲ್ಲಿಸಿತು. ಇಂಥ ಸಂಘಗಳ ಮಳಿಗೆಗಳಲ್ಲಿ ಇವತ್ತು ಮೈಲುತುತ್ತ ಅಕ್ಕಿಬೇಳೆಯಷ್ಟೇ ಸಾಮಾನ್ಯ ವಸ್ತು.

ಬೋರ್ಡೋ ಕೂಡಿಸುವುದು ಶ್ರದ್ಧೆಯ ಕೆಲಸವಾಗಿತ್ತು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅಷ್ಟೇ ನೀರಿಗೆ ಹಾಕಿ ಸೋಸಬೇಕು. ಚಿಪ್ಪು ಸುಟ್ಟ ಒಳ್ಳೆಯ ಸುಣ್ಣವಾದರೆ ಉತ್ತಮ. ಆಮೇಲೆ ಕದಡುತ್ತ ಕದಡುತ್ತ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು, ತುತ್ತ ಅದನ್ನು ತಿಂದುಹಾಕುತ್ತದೆ. ಹಳೆಯ ಪಂಪುಗಳು ಹಿತ್ತಾಳೆಯವಾಗಿದ್ದದ್ದಕ್ಕೂ ಇದೇ ಕಾರಣ.

ಕಡೆಯದಾಗಿ ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಉತ್ತರ ಸಿಗುತ್ತದೆ. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣವನ್ನು ಕರಗಿಸಿ ತಾನು ಅದರ ಜಾಗದಲ್ಲಿ ಕೂರುತ್ತದೆ. ಅಂಥ ದ್ರಾವಣ ಹೊಡೆದರೆ ಎಳೆಕಾಯಿ, ಸಿಂಗಾರ ಸುಡುತ್ತವೆ. ಸುಣ್ಣ ಸೇರಿಸಿ ಅಲಗು ಬೆಳ್ಳಗೆ ಬರುವವರೆಗೂ ಹದ ಮಾಡಬೇಕು. ರಸಾಯನಶಾಸ್ತ್ರದ ಒಂದು ಮುಖ್ಯ ಪಾಠವನ್ನು ಶಾಲೆಯ ಮೆಟ್ಟಿಲು ಹತ್ತದ ಕೊನೆಗೌಡರೂ ಹೀಗೆ ಕೈಯಾರೆ ಮಾಡಿ ಅರಿತಿದ್ದರು.

ಈಗ ಸಮಯವಿಲ್ಲ, ಆಳೂ ಇಲ್ಲ. ಮರ ಹತ್ತುವವರು ಸಿಗದೆ, ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಸಿಂಪಡಿಸುವ ಕಾಲ. ಅದು ಜೀವ ಉಳಿಸುವ ಒಳ್ಳೆಯ ಬದಲಾವಣೆಯೇ. ಬೇಸರ ತರುವುದು ಅಂದಾಜಿನಲ್ಲಿ ಸುರಿಯುವ ಸುಣ್ಣ, ಅದ್ದದ ಕತ್ತಿ, ಮಳೆ ಜೋರಾದರೆ ಇನ್ನೊಂದು ಸಲ ಹೊಡೆದರಾಯಿತು ಎಂಬ ಅಸಡ್ಡೆ. ಶತಮಾನ ಕಾಲ ತೋಟ ಕಾಯ್ದ ಲೋಹವನ್ನು ಹೀಗೆ ನಡೆಸಿಕೊಳ್ಳುವುದು ಸರಿಯಲ್ಲ.

ಏಕೆಂದರೆ ತಾಮ್ರ ಕೊಳೆಯುವುದಿಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಗೊನೆಯಿಂದ ತೊಳೆದುಹೋದದ್ದು ಬುಡದ ಮಣ್ಣು ಸೇರುತ್ತದೆ, ಅಲ್ಲಿಂದ ಹೆಚ್ಚೇನೂ ಕದಲುವುದಿಲ್ಲ. ಅಜ್ಜ ಹೊಡೆಸಿದ ತಾಮ್ರದ ಮೇಲೆ ಮೊಮ್ಮಗ ಹೊಡೆಸಿದ್ದು ಸೇರುತ್ತ ಹೋಗುತ್ತದೆ. ಅತಿಯಾದರೆ ಎರೆಹುಳು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಗೆ ತೊಂದರೆ. ಬೆಟ್ಟದ ಸೊಪ್ಪು ತಂದು ಹೊದಿಸಿ ತಲೆಮಾರುಗಳಿಂದ ಸಾಕಿದ ಮಣ್ಣು ಅದು. ಬೋರ್ಡೋ ಹುಟ್ಟಿದ ಫ್ರಾನ್ಸಿನ ಹಳೆಯ ದ್ರಾಕ್ಷಿ ತೋಟಗಳು ಈ ಕಷ್ಟವನ್ನು ಆಗಲೇ ಕಂಡಿವೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ ಎಂದು ಮಿತಿ ಹಾಕಿದೆ.

ನಮ್ಮಲ್ಲಿ ಮಣ್ಣು ಪರೀಕ್ಷೆಗೆ ಒಯ್ಯುವವರು ಸಾರಜನಕ, ರಂಜಕ, ಪೊಟ್ಯಾಷ್ ಕೇಳಿ ಬರುತ್ತಾರೆ. ತಾಮ್ರದ ಸಾಲನ್ನೂ ಓದಿಸಿಕೊಂಡು ಬರಬೇಕು. ಮಳೆಗಾಲಕ್ಕೆ ಮೊದಲು ತುತ್ತ ಮಾರುವ ಸಂಘಗಳೇ ಊರೂರಲ್ಲಿ ದ್ರಾವಣದ ಹದ ತೋರಿಸಿಕೊಡಬಹುದು. ಗಿಡ್ಡ ಮರಗಳಿರುವ ಸಣ್ಣ ತೋಟದಲ್ಲಿ ಗೊನೆಗೆ ಹೊದಿಕೆ ಕಟ್ಟುವುದನ್ನು ಮತ್ತೆ ಮಾಡಿ ನೋಡಬಹುದು. ಪಾಲಿಥೀನ್ ಚೀಲ ಕಟ್ಟಿ ಕೊಳೆ ತಡೆಯಬಹುದೆಂದು ವಿಜ್ಞಾನಿಗಳೂ ಹೇಳಿದ್ದಾರೆ. ಕರಡದಲ್ಲಿ ಕೊಟ್ಟೆ ಹೆಣೆಯುವುದನ್ನು ಬಲ್ಲ ಹಿರಿಯರು ಯಾವುದಾದರೂ ಕೇರಿಯಲ್ಲಿ ಇನ್ನೂ ಇದ್ದರೆ, ಬರುವ ಮುಂಗಾರಿನೊಳಗೆ ಅವರ ಪಕ್ಕ ಕೂತು ಯಾರಾದರೂ ಅದನ್ನು ಕಲಿಯಬೇಕು.