ಬೆಳಗ್ಗೆ ಮಡಚಲು ಬಾರದ ಕೈ

ಅಡಿಕೆ ಸುಲಿತದ ಕಾಲದಲ್ಲಿ ಕೈನೋವು ನಮ್ಮ ಮನೆಗಳಲ್ಲಿ ಹೊಸದಲ್ಲ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರ ತನಕ ಕುಳಿತವರಿಗೆ ಬೆರಳು ನೋಯದೆ ಇದ್ದೀತೆ? ಹಾಗೆಂದೇ ನಮ್ಮ ಮನೆಯವಳ ನೋವನ್ನು ನಾನು ಎರಡು ಸುಗ್ಗಿ ಲೆಕ್ಕಕ್ಕೇ ಹಿಡಿಯಲಿಲ್ಲ. ಸುಲಿತ ಮುಗಿಯಿತು, ಕಾಫಿ ಕೊಯ್ಲೂ ಮುಗಿಯಿತು, ನೋವು ಮುಗಿಯಲಿಲ್ಲ. ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಬಾರದು.

"ಅಪ್ಪಯ್ಯ, ಇನ್ನು ಕಾಯೋದು ಬೇಡ" ಎಂದು ಬೆಂಗಳೂರಿನ ಹೇರೋಹಳ್ಳಿಯಲ್ಲಿರುವ ಮಗಳು ಹಟ ಹಿಡಿದು ಕರೆಸಿಕೊಂಡಳು. ಅಲ್ಲಿ ಮೂರು ತಿಂಗಳು ಇದ್ದೆವು. ವೈದ್ಯರು ಹೇಳಿದ ಹೆಸರು ರುಮಟಾಯ್ಡ್ ಸಂಧಿವಾತ. ವಯಸ್ಸಾಗಿ ಕೀಲು ಸವೆಯುವುದು ಬೇರೆ, ಇದು ಬೇರೆ. ರೋಗಾಣುಗಳನ್ನು ಎದುರಿಸಬೇಕಾದ ದೇಹದ ಕಾವಲು ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಊತ, ಬೆಳಗ್ಗೆ ಅರ್ಧ ಗಂಟೆಗೂ ಮೀರಿದ ಬಿಗಿತ ಕಂಡವರು ನನ್ನಂತೆ ಸುಗ್ಗಿ ಎಣಿಸುತ್ತ ಕೂರಬಾರದು. ಒಮ್ಮೆ ಹಾಳಾದ ಕೀಲು ಮೊದಲಿನಂತಾಗದು.

ಔಷಧದ ವಿಷಯ ವೈದ್ಯರಿಗೆ ಬಿಟ್ಟದ್ದು. ಒಂದನ್ನು ಮಾತ್ರ ಹೇಳಲೇಬೇಕು. ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ಈ ರೋಗಕ್ಕೆ ಕೊಡುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಈಗ ಊರಿನ ಸಂತೆಯ ದಿನವೇ ಮಾತ್ರೆಯ ದಿನ, ಮರೆಯುವ ಪ್ರಶ್ನೆಯಿಲ್ಲ. ಆಗಾಗ್ಗೆ ರಕ್ತಪರೀಕ್ಷೆಯೂ ಆಗಬೇಕು.

ನನಗೆ ಆಶ್ಚರ್ಯವಾದದ್ದು ವೈದ್ಯರು ನಿದ್ದೆಯ ಬಗ್ಗೆ ಅಷ್ಟು ಕೇಳಿದ್ದು. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನ ಅದೇ ನೋವು ಇಮ್ಮಡಿಯಾಗಿ ಕಾಣುತ್ತದೆ. ಇವಳು ಸ್ಟೀರಾಯ್ಡ್ ಮಾತ್ರೆಯನ್ನು ರಾತ್ರಿ ಊಟದ ಮೇಲೆ ನುಂಗುತ್ತಿದ್ದಳು. ಅದೂ ನಿದ್ದೆ ಕೆಡಿಸುವ ಔಷಧವೇ. ವೈದ್ಯರು ಅದನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿದರು. (ಅದನ್ನು ತಾನಾಗಿ ಥಟ್ಟನೆ ನಿಲ್ಲಿಸುವಂತಿಲ್ಲ.) ಇನ್ನೊಂದು ಸಂಗತಿಯನ್ನು ಕಾಫಿ ಬೆಳೆಗಾರನಾಗಿ ಬರೆಯಲು ಸಂಕೋಚ: ಕುಡಿದ ಐದಾರು ಗಂಟೆಯ ಮೇಲೂ ಕೆಫೀನಿನ ಸುಮಾರು ಅರ್ಧ ಪಾಲು ಮೈಯಲ್ಲೇ ಇರುತ್ತದೆ. ಸಂಜೆಯ ಕಾಫಿ ನಿಂತಿತು. "ನೀವು ಬೇಕಾದರೆ ಕುಡೀರಿ" ಎಂದಳು. ಕುಡಿಯುತ್ತಿದ್ದೇನೆ.

ನೋವಿದ್ದವರು ಮಲಗಿರಬೇಕೆಂದು ನಾವು ತಿಳಿದಿದ್ದೆವು. ಅದೂ ತಪ್ಪು. ಕದಲದ ಕೀಲು ಮತ್ತಷ್ಟು ಬಿಗಿಯುತ್ತದೆ, ಮಾಂಸಖಂಡ ಸೊರಗುತ್ತದೆ. ಬೆಳಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಕೈಯಿಟ್ಟು ನಿಧಾನವಾಗಿ ಬೆರಳು ಮಡಚಿ ಬಿಡಿಸುವುದು, ಆಮೇಲೆ ಹೇರೋಹಳ್ಳಿ ಕೆರೆಯ ಕಡೆಗೆ ನಡಿಗೆ. ಮೊದಲ ವಾರ ಹತ್ತು ನಿಮಿಷಕ್ಕೇ ಸುಸ್ತು, ಹೊರಡುವ ಹೊತ್ತಿಗೆ ಅರ್ಧ ಗಂಟೆ. ಅಳತೆ ಸುಲಭ: ಹೆಚ್ಚಾದ ನೋವು ಎರಡು ಗಂಟೆಯ ಮೇಲೂ ಉಳಿದರೆ ಮರುದಿನ ಕಡಿಮೆ ಮಾಡಬೇಕು. ಕೀಲು ಊದಿ ಬಿಸಿಯಾದ ದಿನ ಭಾರ ಹಾಕದೆ ಮೆಲ್ಲಗೆ ಆಡಿಸಿದರೆ ಸಾಕು.

"ತೋಟದಲ್ಲಿ ದುಡಿಯುವವರಿಗೆ ವ್ಯಾಯಾಮ ಯಾಕೆ?" ಎಂದು ನಾನೂ ಕೇಳಿದ್ದೆ. ಒಂದೇ ಹಿಡಿತದಲ್ಲಿ ಗಂಟೆಗಟ್ಟಲೆ ಸುಲಿಯುವುದು ವ್ಯಾಯಾಮವಲ್ಲವಂತೆ, ಕೀಲಿಗೆ ಪೆಟ್ಟು.

ಈ ಸಲ ಸುಲಿತದ ಹೆಚ್ಚಿನ ಪಾಲನ್ನು ಯಂತ್ರಕ್ಕೆ ಕೊಟ್ಟೆವು. ಖರ್ಚು ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಅವಳು ದಿನಕ್ಕೆ ಅರ್ಧ ಗಂಟೆ ಮೆಟ್ಟುಗತ್ತಿಯ ಮುಂದೆ ಕೂರುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ. ಒಂಬತ್ತೂವರೆಗೆ ಅಂಗಳದ ದೀಪ ಆರಿಸುವ ಕೆಲಸ ನನ್ನದು.