ಎಂಜಿಬಿ ಕಾರಿನ ಹಬೆ ಮತ್ತು ಎಣ್ಣೆ

ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎಂಜಿಬಿ, ಹಳೆಯ ಸ್ಪೋರ್ಟ್ಸ್ ಕಾರುಗಳ ಸಂಗ್ರಾಹಕರಿಗೆ ತೀರ ಪರಿಚಿತವಾದ ಗಾಡಿ. ಅದರ 1798 ಸಿ.ಸಿ. ಎಂಜಿನ್ ಬಿಎಂಸಿ ಕಂಪನಿಯ ಬಿ-ಸರಣಿಗೆ ಸೇರಿದ್ದು. ಭಾರತದಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್‌ನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಕೂಡ ಅದೇ ಸರಣಿಯದಾದ್ದರಿಂದ, ಇಲ್ಲಿನ ಹಿರಿಯ ಮೆಕ್ಯಾನಿಕ್‌ಗಳಿಗೆ ಎಂಜಿಬಿಯ ಬಾನೆಟ್ ಎತ್ತಿದಾಗ ಹೊಸದೆನಿಸುವಂಥದ್ದು ಹೆಚ್ಚೇನೂ ಕಾಣದು. ಯಾವ ಎಣ್ಣೆ ಹಾಕಬೇಕು, ಎಣ್ಣೆ ತುಂಬುವ ಮುಚ್ಚಳ ತೆಗೆದಾಗ ಏಳುವ ಹಬೆ ಏನನ್ನು ಸೂಚಿಸುತ್ತದೆ ಎಂಬ ಎರಡು ಪ್ರಶ್ನೆಗಳು ಇಂಥ ಕಾರಿನ ಮಾಲೀಕರನ್ನು ಸದಾ ಕಾಡುತ್ತವೆ. ಹಬೆಯ ಮೂಲವನ್ನು ತಿಳಿಯದೆ ಎಣ್ಣೆಯನ್ನಷ್ಟೇ ದಪ್ಪ ಮಾಡಿದರೆ ದೋಷ ಕೆಲಕಾಲ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲವಾದ್ದರಿಂದ, ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುವುದು ಸರಿ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಉಂಟಾಗುವ ಒತ್ತಡವನ್ನು ಪಿಸ್ಟನ್ನಿನ ಸುತ್ತಲಿನ ರಿಂಗುಗಳು ತಡೆದು ಹಿಡಿಯುತ್ತವೆಯಾದರೂ, ಹೊಸ ಎಂಜಿನ್ನಿನಲ್ಲಿಯೂ ಒಂದಿಷ್ಟು ಅನಿಲ ಸಂದಿಯಲ್ಲಿ ನುಸುಳಿ ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೆಳಗಿನ ಕೋಣೆಗೆ, ಇಳಿಯುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಒಂದು ಲೀಟರ್ ಪೆಟ್ರೋಲ್ ಪೂರ್ಣವಾಗಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುವುದರಿಂದ, ಹೀಗೆ ಇಳಿದ ಅನಿಲದಲ್ಲಿ ಉರಿಯದ ಪೆಟ್ರೋಲ್ ಮತ್ತು ಆಮ್ಲಾಂಶಗಳ ಜೊತೆಗೆ ನೀರಾವಿಯೂ ಸೇರಿರುತ್ತದೆ. ಇದು ಹೊರಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಏರಿ, ಎಣ್ಣೆ ಸಿಕ್ಕಸಿಕ್ಕ ಸೀಲುಗಳಿಂದ ಒಸರತೊಡಗುತ್ತದೆ. ಮೊದಲ ವರ್ಷಗಳ ಎಂಜಿಬಿಯಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ರಬ್ಬರ್ ಸೀಲೇ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೆರೆಯೊಂದು ತಿರುಗುತ್ತ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು, ಒಳಗೆ ಒತ್ತಡ ಹೆಚ್ಚಿದರೆ ಅದು ಸೋಲುತ್ತಿತ್ತು. ಬ್ರಿಟಿಷ್ ಕಾರು ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸುತ್ತದೆಂಬ ಅಪಖ್ಯಾತಿಯಲ್ಲಿ ಉಸಿರುಕಟ್ಟಿದ ಕ್ರ್ಯಾಂಕ್‌ಕೇಸಿನ ಪಾಲೂ ಸಣ್ಣದಲ್ಲ.

1964ರಲ್ಲಿ ಎಂಜಿಬಿಗೆ ಮುಚ್ಚಿದ ವಾತಾಯನ ವ್ಯವಸ್ಥೆ ಬಂದಿತು. ಎಣ್ಣೆ ಮುಚ್ಚಳದೊಳಗಿನ ಸಣ್ಣ ಜಾಲರಿಯ ಮೂಲಕ ಶುದ್ಧ ಗಾಳಿ ಒಳಬಂದು, ಹಬೆಯೊಡನೆ ಬೆರೆತು, ಟ್ಯಾಪೆಟ್ ಕವರಿನ ಡಬ್ಬಿಯಲ್ಲಿ ಎಣ್ಣೆಯ ಹನಿಗಳನ್ನು ಕಳೆದುಕೊಂಡು, ಇನ್‌ಲೆಟ್ ಮ್ಯಾನಿಫೋಲ್ಡಿನ ಮೇಲಿನ ಸ್ಮಿತ್ಸ್ ಕಂಪನಿಯ ವಾಲ್ವಿನ ಮೂಲಕ ಮತ್ತೆ ಉರಿಯಲು ಹೋಗುವಂತೆ ಇದನ್ನು ರೂಪಿಸಲಾಗಿತ್ತು. ಆ ವಾಲ್ವಿನ ಕ್ಲಿಪ್ ಬಿಡಿಸಿದರೆ ಒಂದು ರಬ್ಬರ್ ಪೊರೆ, ಸ್ಪ್ರಿಂಗ್ ಮತ್ತು ಪುಟ್ಟ ಸೂಜಿ ಕಾಣುತ್ತವೆ. ಪೊರೆ ಹರಿದರೆ ಹೊರಗಾಳಿ ನುಗ್ಗಿ ಐಡ್ಲಿಂಗ್ ಏರುಪೇರಾಗುತ್ತದೆ, ಕೆಲವೊಮ್ಮೆ ಎಣ್ಣೆಯೂ ಎಳೆಯಲ್ಪಟ್ಟು ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಇದನ್ನೇ ರಿಂಗು ಸವೆದದ್ದೆಂದು ತಿಳಿದು ಎಂಜಿನ್ ಬಿಚ್ಚಿಸುವವರ ಖರ್ಚಿಗೆ ಲೆಕ್ಕವಿಲ್ಲ. ಪರೀಕ್ಷೆ ಮಾತ್ರ ಸುಲಭ: ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಎಣ್ಣೆ ಮುಚ್ಚಳ ತೆಗೆದರೆ ವೇಗ ತುಸು ಏರಬೇಕು, ತೆರೆದ ಬಾಯಿಗೆ ಅಂಗೈ ಇಟ್ಟರೆ ನವಿರಾದ ಸೆಳೆತ ತಿಳಿಯಬೇಕು. ಸೆಳೆತಕ್ಕೆ ಬದಲು ಹಬೆ ಅಂಗೈಯನ್ನು ತಳ್ಳುತ್ತಿದ್ದರೆ ಮೊದಲು ವಾಲ್ವು, ಕೊಳವೆ ಮತ್ತು ಡಬ್ಬಿಯೊಳಗಿನ ಜಾಲರಿ ಕಟ್ಟಿಕೊಂಡಿವೆಯೇ ಎಂದು ನೋಡಬೇಕು.

ಹಬೆಯ ಬಣ್ಣ ಮತ್ತು ವಾಸನೆಗಳೂ ಸಾಕ್ಷಿ ಹೇಳುತ್ತವೆ. ಬೆಳಗಿನ ಚಳಿಯಲ್ಲಿ ಎದ್ದು ಎಂಜಿನ್ ಕಾದೊಡನೆ ಕರಗಿಹೋಗುವ ಬಿಳಿ ಹಬೆ ಬರೀ ನೀರಾವಿ; ವಾರಕ್ಕೊಮ್ಮೆ ಅಂಗಡಿಯವರೆಗೆ ಹೋಗಿಬರುವ ಕಾರಿನ ಮುಚ್ಚಳದ ಕೆಳಗೆ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು ಕೂರುವುದು ಇದರಿಂದಲೇ, ಮತ್ತು ಅರ್ಧ ಗಂಟೆಗೂ ಮೀರಿದ ಒಂದು ಓಟಕ್ಕೆ ಅದು ಬಹುಮಟ್ಟಿಗೆ ಹೋಗುತ್ತದೆ. ಆದರೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಅನುಮಾನಿಸಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೂ ನೀಲಿ ಛಾಯೆಯ, ಸುಟ್ಟ ಎಣ್ಣೆ ವಾಸನೆಯ ಹಬೆ ಬುಸುಬುಸು ಹೊಮ್ಮುತ್ತಿದ್ದರೆ ರಿಂಗು ಅಥವಾ ಬೋರು ಸವೆದಿರುವ ಸಾಧ್ಯತೆ ಹೆಚ್ಚು. ಖಚಿತವಾಗಲು ಕಂಪ್ರೆಷನ್ ಅಳೆದು, ಪ್ಲಗ್ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ: ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು ಅಥವಾ ಗ್ಯಾಸ್ಕೆಟ್ಟಿನದು. ಇದಕ್ಕಿಂತ ನಿಖರವಾದದ್ದು ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ತುಂಬಿ ಕಿವಿಗೊಡುವ ವಿಧಾನ. ಎಣ್ಣೆ ಬಾಯಲ್ಲಿ ಸುಂಯ್‌ಗುಟ್ಟಿದರೆ ರಿಂಗು, ಕಾರ್ಬ್ಯುರೇಟರಿನಲ್ಲಾದರೆ ಇನ್‌ಲೆಟ್ ವಾಲ್ವು, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವು. ಗೇಜ್ ಕಡ್ಡಿಗೆ ಅಂಟಿದ ಎಣ್ಣೆ ತೆಳ್ಳಗಾಗಿ ಪೆಟ್ರೋಲ್ ನಾರುತ್ತಿದ್ದರೆ ಚೋಕ್ ಸಿಕ್ಕಿಕೊಂಡಿರುವುದೋ ಕಾರ್ಬ್ಯುರೇಟರ್ ಅತಿಯಾಗಿ ಪೆಟ್ರೋಲ್ ಕೊಡುತ್ತಿರುವುದೋ ಕಾರಣವಿರಬಹುದು.

ಇಷ್ಟು ಇತ್ಯರ್ಥವಾದ ಮೇಲೆ ಎಣ್ಣೆಯ ಆಯ್ಕೆ ಕಷ್ಟವಲ್ಲ. ಈ ಎಂಜಿನ್ನಿಗೆ ರೂಢಿಯಲ್ಲಿರುವುದು 20ಡಬ್ಲ್ಯು-50; ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ, ಅಂದರೆ ದಪ್ಪ, ಎಷ್ಟು ಉಳಿಯುತ್ತದೆಂಬುದನ್ನೂ ಸೂಚಿಸುತ್ತದೆ. ಸರಿಯಾದ ತೀರ್ಪುಗಾರ ಡ್ಯಾಶ್‌ಬೋರ್ಡಿನ ಎಣ್ಣೆ ಒತ್ತಡದ ಮುಳ್ಳು: ಕಾದ ಎಂಜಿನ್ ಓಟದಲ್ಲಿ ಚದರ ಅಂಗುಲಕ್ಕೆ 50ರಿಂದ 80 ಪೌಂಡ್, ಐಡ್ಲಿಂಗಿನಲ್ಲಿ 10ರಿಂದ 25 ಪೌಂಡ್ ತೋರಿಸಬೇಕು. ಡಬ್ಬದ ಮೇಲಿನ ಇನ್ನೊಂದು ಸಂಗತಿಗೆ ಜನ ಗಮನ ಕೊಡುವುದು ಕಡಿಮೆ. ಕ್ಯಾಮ್‌ಶಾಫ್ಟಿನ ಉಬ್ಬು ಚಪ್ಪಟೆ ತಳದ ಟ್ಯಾಪೆಟ್ಟನ್ನು ಉಜ್ಜಿಯೇ ಎತ್ತುವ ಈ ಎಂಜಿನ್ನಿನಲ್ಲಿ ಲೋಹ ಲೋಹವನ್ನು ಕಚ್ಚದಂತೆ ಕಾಯುವುದು ಸತು ಮತ್ತು ರಂಜಕದ ಸಂಯುಕ್ತವಾದ ಜ಼ೆಡ್‌ಡಿಡಿಪಿ. ಆದರೆ ರಂಜಕವು ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ, 2004ರ ಎಪಿಐ ಎಸ್‌ಎಂ ದರ್ಜೆಯಿಂದೀಚೆಗೆ ತೆಳು ಎಣ್ಣೆಗಳಲ್ಲಿ ಅದನ್ನು 0.08 ಪ್ರತಿಶತಕ್ಕೆ ಮಿತಿಗೊಳಿಸಲಾಗಿದೆ. 20ಡಬ್ಲ್ಯು-50ಕ್ಕೆ ಆ ಮಿತಿ ಅನ್ವಯಿಸದಿದ್ದರೂ ಪ್ರಮಾಣ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುವುದರಿಂದ, ತಯಾರಕರ ಮಾಹಿತಿ ಪತ್ರ ನೋಡಿ ಕೊಳ್ಳುವುದು ಲೇಸು. ಸತುವಿನ ಪುಟ್ಟ ಬಾಟಲಿಗಳನ್ನು ಮನಬಂದಂತೆ ಸುರಿಯುವುದೂ ತರವಲ್ಲ. ತಿಂಗಳುಗಟ್ಟಲೆ ಷೆಡ್ಡಿನಲ್ಲಿ ನಿಲ್ಲಿಸುವ ಕಾರಿಗೆ ಎಣ್ಣೆಯನ್ನು ನಿಲ್ಲಿಸುವ ಮೊದಲೇ ಬದಲಿಸಬೇಕು, ಏಕೆಂದರೆ ಹಬೆ ಬಿಟ್ಟುಹೋದ ನೀರು ಮತ್ತು ಆಮ್ಲ ಹಳೆಯ ಎಣ್ಣೆಯಲ್ಲೇ ಉಳಿದು ಬೇರಿಂಗುಗಳನ್ನು ತಿನ್ನುತ್ತಿರುತ್ತವೆ.