ಚೌಕಟ್ಟಿಗೆ ಸಿಕ್ಕದ ದ್ವೀಪ

ನೆಲದ ಮೇಲೆ ಚೆಲ್ಲಿದ ಹುಣಸೆಬೀಜಗಳೆಲ್ಲವನ್ನೂ ಒಳಗೊಳ್ಳುವಂತೆ ನಾಲ್ಕು ಕಡ್ಡಿಗಳಿಂದ ಅತಿ ಚಿಕ್ಕ ಆಯತವೊಂದನ್ನು ರಚಿಸಬೇಕಾಗಿದೆ ಎನ್ನೋಣ. ನಾಲ್ಕು ದಿಕ್ಕಿನಲ್ಲಿಯೂ ಅಂಚಿನ ಬೀಜವನ್ನು ಗುರುತಿಸಿ, ಅದಕ್ಕೆ ತಗಲುವಂತೆ ಕಡ್ಡಿಯನ್ನಿಟ್ಟರೆ ಸಾಕು. ಭೂಪಟವನ್ನು ನಿರ್ವಹಿಸುವ ಗಣಕಯಂತ್ರವು ಮಾಡುವುದೂ ಇದನ್ನೇ. ಊರು, ನದಿ, ದ್ವೀಪಗಳ ಅಕ್ಷಾಂಶ ರೇಖಾಂಶಗಳನ್ನು ಒಂದೊಂದಾಗಿ ನೋಡುತ್ತ, ಅತಿ ಕಿರಿಯ ಮತ್ತು ಅತಿ ಹಿರಿಯ ಸಂಖ್ಯೆಗಳನ್ನು ಅದು ಉಳಿಸಿಕೊಳ್ಳುತ್ತದೆ. ಆ ನಾಲ್ಕು ಸಂಖ್ಯೆಗಳೇ ಚೌಕಟ್ಟು. ಲಕ್ಷಾಂತರ ಸ್ಥಳಗಳಲ್ಲಿ ಬೇಕಾದುವನ್ನು ಬೇಗನೆ ಆರಿಸಲು ಇದೇ ಮೊದಲ ಜರಡಿ.

ಇಷ್ಟು ಸರಳವಾದ ಲೆಕ್ಕವೂ ಎಡವುವುದುಂಟೆ? ಉಂಟು. ಶಾಂತಸಾಗರದ ಫಿಜಿ ದೇಶವನ್ನು ನೋಡೋಣ. ಅದರ ರಾಜಧಾನಿ ಸುವಾ ಪೂರ್ವ ರೇಖಾಂಶ 178.4 ಡಿಗ್ರಿಯಲ್ಲಿದೆ, ಅದೇ ದೇಶದ ಲಕೆಂಬಾ ದ್ವೀಪ ಪಶ್ಚಿಮ ರೇಖಾಂಶ 178.8 ಡಿಗ್ರಿಯಲ್ಲಿದೆ. ಇವುಗಳ ಅಂತರ 2.8 ಡಿಗ್ರಿ, ಎಂದರೆ ಸುಮಾರು 300 ಕಿಲೋಮೀಟರು ಮಾತ್ರ. ಆದರೆ ಪಶ್ಚಿಮ ರೇಖಾಂಶವನ್ನು ಋಣಸಂಖ್ಯೆಯಾಗಿ ಬರೆಯುವುದು ವಾಡಿಕೆ. ಆದುದರಿಂದ ಯಂತ್ರವು −178.8ರಿಂದ 178.4ರವರೆಗೆ, 357.2 ಡಿಗ್ರಿ ಅಗಲದ ಚೌಕಟ್ಟನ್ನು ಹಾಕುತ್ತದೆ! ಆಫ್ರಿಕ, ದಕ್ಷಿಣ ಅಮೆರಿಕಗಳ ರೇಖಾಂಶಗಳೆಲ್ಲ ಅದರೊಳಗೆ. 180ನೆಯ ರೇಖೆ ಹಾದುಹೋಗುವ ಫಿಜಿಯದೇ ತವೆಉನಿ ದ್ವೀಪ ಮಾತ್ರ ಹೊರಗೆ.

ಇದು ಬರಿಯ ವಿನೋದವಲ್ಲ. 2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಚಂಡಮಾರುತವು ಟೋಂಗಾದ ಕಡೆಯಿಂದ ಪಶ್ಚಿಮಕ್ಕೆ ತಿರುಗಿ, ಇದೇ ರೇಖೆಯನ್ನು ದಾಟಿ ಫಿಜಿಯನ್ನು ಅಪ್ಪಳಿಸಿತು. ಅಲ್ಲಿ 44 ಮಂದಿ ಸತ್ತರು. ಇಂಥ ಮಾರುತದ ಹಾದಿಯಲ್ಲಿರುವ ಊರುಗಳನ್ನು ಆರಿಸುವಾಗ ಚೌಕಟ್ಟೇ ತಪ್ಪಿದರೆ ಗತಿಯೇನು?

ಪರಿಹಾರವು ಒಂದು ಬಳೆಯಲ್ಲಿದೆ. ರೇಖಾಂಶಗಳನ್ನು ಸರಳರೇಖೆಯ ಮೇಲಲ್ಲ, ಬಳೆಯ ಮೇಲೆ ಗುರುತಿಸೋಣ. ಸುವಾ, ಲಕೆಂಬಾಗಳ ಜೊತೆಗೆ ಟೋಂಗಾದ ವವಾಉ ದ್ವೀಪವನ್ನೂ (−174.0) ಇಟ್ಟರೆ, ಬಳೆಯ ಸುತ್ತ ಮೂರು ತೆರಪುಗಳಾಗುತ್ತವೆ: 2.8, 4.8 ಮತ್ತು 352.4 ಡಿಗ್ರಿ. ಅತಿ ದೊಡ್ಡ ತೆರಪನ್ನು ಬಿಟ್ಟುಬಿಡಬೇಕು, ಉಳಿದ 7.6 ಡಿಗ್ರಿಯೇ ನಿಜವಾದ ಅಗಲ. ಪಶ್ಚಿಮದ ಅಂಚು 178.4, ಪೂರ್ವದ ಅಂಚು −174.0. ಹೀಗೆ ಪಶ್ಚಿಮದ ಸಂಖ್ಯೆಯೇ ದೊಡ್ಡದಾಗಿದ್ದರೆ ಚೌಕಟ್ಟು 180ನೆಯ ರೇಖೆಯನ್ನು ದಾಟಿದೆಯೆಂದು ತಿಳಿಯತಕ್ಕದ್ದು. ಭೌಗೋಳಿಕ ಮಾಹಿತಿಯ ವಿನಿಮಯಕ್ಕಾಗಿ 2016ರ ಆಗಸ್ಟಿನಲ್ಲಿ ಪ್ರಕಟವಾದ ‘ಜಿಯೋಜೇಸನ್’ ನಿಯಮವೂ ಫಿಜಿಯನ್ನೇ ಉದಾಹರಿಸಿ ಇದನ್ನು ವಿವರಿಸುತ್ತದೆ.

ಯಂತ್ರವು ಕೂಡುವುದರಲ್ಲಾಗಲಿ ಕಳೆಯುವುದರಲ್ಲಾಗಲಿ ತಪ್ಪಲಿಲ್ಲ. ಭೂಮಿಯು ದುಂಡಗಿದೆಯೆಂದು ಅದಕ್ಕೆ ಹೇಳಲು ಮರೆತವರು ನಾವು.